ಕೆಟ್ಟ ಹೊಲಿಗೆ

ಸೀಟಪ್ಪನ ನಿಜವಾದ ಹೆಸರು ಏನು ಅಂತ ಕೇಳಿದರೆ ಅವನ ಮಗಳೂ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. ಗಡಿ ದಾಟುವ ಲಾರಿಗಳ ಸೀಟು ಹೊಲಿದೂ ಹೊಲಿದೂ ಅವನು ಎಲ್ಲರಿಗೂ ಸೀಟಪ್ಪನಾಗಿದ್ದ. ಸೇತುವೆಗೆ ಹೋಗುವ ರಸ್ತೆಯಲ್ಲಿ, ಲಾರಿಗಳು ಸಾಲುಗಟ್ಟಿ ತಮ್ಮ ಸರದಿಗೆ ಕಾಯುವ ಕಡೆ, ತಗಡಿನ ಮಾಡಿನ ಅಂಗಡಿ ಅವನದು. ಹಿಂದೆ ಎರಡು ಕೋಣೆಯ ಮನೆ. ಅಂಗಡಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. ಸ್ಪಂಜಿನ ತುಂಡು ಅಡುಗೆ ಕೋಣೆಯಲ್ಲೂ ಸಿಗುತ್ತಿತ್ತು, ಅಂಟಿನ ವಾಸನೆ ದಿಂಬಿನಲ್ಲೂ ಇರುತ್ತಿತ್ತು. ಆ ಮನೆಗೆ ಬಂದವರು ಬಟ್ಟೆಗೆ ಒಂದೆಳೆ ದಾರ ಅಂಟಿಸಿಕೊಂಡೇ ವಾಪಸ್ಸು ಹೋಗುತ್ತಿದ್ದರು.

ಒಳ್ಳೆಯ ಕೆಲಸಗಾರ ಅಂದರೆ ಸಾಲದು. ಕೆಲಸದ ವಿಷಯದಲ್ಲಿ ಮಹಾ ತಲೆಹರಟೆ ಮನುಷ್ಯ. ಯಾರದೋ ಲಾರಿ, ಯಾರದೋ ಸೀಟು, ಇವನಿಗೇನು? ಆದರೂ ಹತ್ತಿ, ಹೊಲಿಗೆಯ ಮೇಲೆ ಬೆರಳಾಡಿಸಿ, 'ಇದನ್ನ ಯಾವ ಪುಣ್ಯಾತ್ಮ ಹೊಲಿದ?' ಅಂತ ಕೇಳದೆ ಇಳಿಯುತ್ತಿರಲಿಲ್ಲ. ಒಂದು ಮದುವೆಗೆ ಹೋದವನು ಕುರ್ಚಿಯನ್ನು ಬೋರಲು ಹಾಕಿ ಅದರ ತಳ ನೋಡುತ್ತಾ ನಿಂತಿದ್ದಾನೆ, ಅತ್ತ ತಾಳಿ ಕಟ್ಟಿ ಆಗಿಹೋಗಿದೆ. ಜೇಬು ಹರಿದ ಅಂಗಿ ಹಾಕಿಕೊಂಡು ಸೀಟಪ್ಪನ ಅಂಗಡಿ ಮುಂದೆ ಹೋಗಬೇಡ, ಮೈಮೇಲಿದ್ದ ಹಾಗೇ ಹೊಲಿದುಬಿಡ್ತಾನೆ ಅಂತ ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು. ಅವನಿಗೆ ಆ ನಗು ಇಷ್ಟವೇ ಇತ್ತು.

ಅವನದೇ ಒಂದು ಪದ್ಧತಿ ಇತ್ತು. ಹಳೆ ಹೊಲಿಗೆ ಸರಿಮಾಡುವಾಗ ಬೇರೆಯವರು ಪೂರ್ತಿ ಬಿಚ್ಚುತ್ತಾರೆ. ಒಳಗಿನ ಸ್ಪಂಜು ಉಬ್ಬಿ ಹೊರಗೆ ಬರುತ್ತದೆ, ಅದನ್ನು ಮತ್ತೆ ತುರುಕುವುದರಲ್ಲಿ ಆಕಾರ ಕೆಡುತ್ತದೆ. ಇವನು ಹಾಗಲ್ಲ. ಒಂದು ಗೇಣು ಬಿಚ್ಚುವುದು, ಆ ಗೇಣನ್ನು ಹೊಲಿಯುವುದು, ಆಮೇಲೆ ಮುಂದಿನ ಗೇಣು. ಒಳಗೆ ಏನಿದೆ ಅಂತ ನೋಡುವ ಗೊಡವೆಯೇ ಇಲ್ಲ. ಹೊಲಿಗೆ ಗಟ್ಟಿಯಿದ್ದರೆ ಒಳಗಿನದು ತಾನಾಗಿ ಸರಿಯಿರುತ್ತದೆ ಅನ್ನುತ್ತಿದ್ದ.

ಹೆಂಡತಿ ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಒಬ್ಬಳೇ ಮಗಳು. ಅವಳ ಕೈಗೆ ಸೂಜಿ ಮಾತ್ರ ಕೊಡಲಿಲ್ಲ ಸೀಟಪ್ಪ. ಬಗ್ಗಿ ಬಗ್ಗಿ ಅವನ ಬೆನ್ನು ಬಾಗಿಹೋಗಿತ್ತು, ಬೆರಳ ತುದಿಗಳು ಸತ್ತುಹೋಗಿದ್ದವು, ಬಿಸಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ನನ್ನ ಗತಿ ನಿನಗೆ ಬೇಡ ಅಂತ ಓದಿಸಿದ. ಅವಳು ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ಗುಂಡಿ ಹಾಕಬೇಕಾದರೂ ಅಪ್ಪನೇ ಬೇಕು ಅವಳಿಗೆ.

ಅಳಿಯ ಸಿಕ್ಕಿದ ಕಥೆಯೂ ಸೀಟಿನದೇ. ಒಬ್ಬ ಹುಡುಗ, ಲಾರಿ ಡ್ರೈವರ್, ಸೀಟು ಹರಿದಿದೆ ಅಂತ ಬಂದ. ಹೊಲಿದು ಕೊಟ್ಟರೆ ಹದಿನೈದು ದಿನಕ್ಕೆ ಮತ್ತೆ ಹರಿದಿದೆ ಅಂತ ಬಂದ. ಮತ್ತೆ ಬಂದ. ನನ್ನ ಹೊಲಿಗೆ ಇಷ್ಟು ಬೇಗ ಹೋಗಲು ಸಾಧ್ಯವೇ ಇಲ್ಲ ಅಂತ ಸೀಟಪ್ಪನಿಗೆ ನಿದ್ದೆ ಹತ್ತಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಹರಿದದ್ದಲ್ಲ, ಬ್ಲೇಡಿನಲ್ಲಿ ಕೊಯ್ದದ್ದು. ಆ ಹೊತ್ತಿಗೆ ಸರಿಯಾಗಿ ಮಗಳು ಕೆಲಸದಿಂದ ಬಂದಳು, ಹುಡುಗನ ಕಿವಿ ಕೆಂಪಾಯಿತು. ಬೈಯಬೇಕು ಅಂತ ಬಾಯಿ ತೆಗೆದ ಸೀಟಪ್ಪ ನಕ್ಕುಬಿಟ್ಟ. ತನ್ನ ಸೀಟನ್ನು ತಾನೇ ಕೊಯ್ದುಕೊಳ್ಳುವಷ್ಟು ಮಗಳು ಬೇಕು ಅಂದರೆ ಇವನಿಗೇ ಇರಲಿ ಅಂದ. ಹುಡುಗ ಮನೆಅಳಿಯನಾಗಿ ಆ ಎರಡು ಕೋಣೆಗೆ ಬಂದ, ಒಂದು ಹೆಣ್ಣುಮಗುವೂ ಆಯಿತು. ಮಾವ ಅಳಿಯ ಒಬ್ಬರ ಕಾಲು ಒಬ್ಬರು ಎಳೆದುಕೊಂಡು ಚೆನ್ನಾಗಿಯೇ ಇದ್ದರು.

ಈಗ ಆ ಮಾಲಿನ ವಿಷಯ ಹೇಳಲೇಬೇಕು. ಮಾಲು ಅಂದರೆ ಅಮಲಿನ ಪುಡಿ. ಗಡಿಯ ನದಿಯ ಎರಡೂ ಕಡೆ ಅದಕ್ಕೆ ನಿಷೇಧ. ಆ ಕಡೆಯವರಿಗೆ ಅದು ಬೇಕು, ಈ ಕಡೆಯವರು ಕಳಿಸುತ್ತಾರೆ, ನಡುವೆ ಸೇತುವೆ. ಮಗಳ ಔಷಧಿ ಅಂಗಡಿಯಲ್ಲಿ ಅದರ ದಾಯಾದಿಯಂಥ ಒಂದು ನೋವಿನ ಮಾತ್ರೆ ಗಾಜಿನ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ಡಾಕ್ಟರ ಚೀಟಿ ತಂದವರಿಗೆ ಅವಳು ಅದನ್ನು ಕವರಿಗೆ ಹಾಕಿ, ಊಟ ಆದ ಮೇಲೆ ತಗೊಳ್ಳಿ ಅಂತ ಹೇಳಿ ಕೊಡುತ್ತಿದ್ದಳು. ಅದಕ್ಕಾಗಿ ಯಾರೂ ಯಾರನ್ನೂ ಕೊಂದಿರಲಿಲ್ಲ. ಬೀರುವಿನ ಹೊರಗಿನದಕ್ಕೆ ಮಾತ್ರ ಹೆಣ ಬೀಳುತ್ತಿತ್ತು. ಕಾನೂನು ಬಿಗಿಯಾದಷ್ಟೂ ಬೆಲೆ ಏರಿತು. ಬೆಲೆ ಏರಿದಷ್ಟೂ ಸಾಗಿಸುವವರ ಕೈಗೆ ಬಂದೂಕು ಬಂತು. ಆ ಬಂದೂಕೂ ಆ ಕಡೆಯಿಂದಲೇ, ಅದೇ ಸೇತುವೆ ಮೇಲೇ ಬಂತು. ರೇಡಿಯೋ ಹಾಕಿದರೆ ಆ ಕಡೆಯ ಮಂತ್ರಿ ನೀವು ಕಳಿಸ್ತೀರಿ ಅನ್ನುತ್ತಿದ್ದರು, ಈ ಕಡೆಯ ಮಂತ್ರಿ ನೀವು ಕೊಳ್ತೀರಿ ಅನ್ನುತ್ತಿದ್ದರು. ಇಬ್ಬರು ಹೇಳಿದ್ದೂ ಸುಳ್ಳಲ್ಲ, ಅದೇ ಮೈ ಉರಿಯುವ ವಿಷಯ. ಇಬ್ಬರ ಮನೆ ಬಾಗಿಲಲ್ಲೂ ಕಾವಲಿನವರಿದ್ದರು, ಸೇತುವೆ ರಸ್ತೆಯವರ ಬಾಗಿಲಲ್ಲಿ ಯಾರೂ ಇರಲಿಲ್ಲ.

ಡ್ರೈವರುಗಳನ್ನು ಯಾರೂ ಒಪ್ಪಿಗೆ ಕೇಳುತ್ತಿರಲಿಲ್ಲ. ಗೋದಾಮಿನಲ್ಲಿ ಸರಕು ತುಂಬುವಾಗ ಯಾರೋ ಬಂದು, ಡ್ರೈವರ್ ಸೀಟಿನ ಹಿಂದೆ ಮಲಗುವ ಹಾಸು ಇರುತ್ತದಲ್ಲ, ಅದನ್ನು ಬಿಚ್ಚಿ ಮಾಲು ತುಂಬಿ ಹೊಲಿದು ಹೋಗುತ್ತಿದ್ದರು. ಗೋಣಿಚೀಲ ಹೊಲಿಯುವ ನೀಲಿ ನೈಲಾನ್ ದಾರ, ಸೊಟ್ಟಂಬಟ್ಟ ಹೊಲಿಗೆ. ಅದನ್ನು ಕಂಡ ಡ್ರೈವರ್ ಬಾಯಿ ಮುಚ್ಚಿಕೊಂಡು ಓಡಿಸಬೇಕು. ಆ ಕಡೆ ಇಳಿಸಿಕೊಳ್ಳುವವರು ಮೊದಲು ಹೊಲಿಗೆ ನೋಡುತ್ತಿದ್ದರು. ಅದು ಹೊರಟಾಗ ಇದ್ದ ಹಾಗೇ ಇದ್ದರೆ ಮಾಲು ಮುಟ್ಟಿಲ್ಲ ಅಂತ ಅರ್ಥ. ಬೇಡ ಅಂದ ಒಬ್ಬ ಡ್ರೈವರ್ ಸೇತುವೆಯ ಕೆಳಗೆ ಹೆಣವಾಗಿ ಸಿಕ್ಕಿದ್ದ. ಪೊಲೀಸರಿಗೆ ಹೇಳಿದ ಇನ್ನೊಬ್ಬನ ಮನೆ ಸುಟ್ಟುಹೋಗಿತ್ತು. ಆಮೇಲೆ ಯಾರೂ ಬೇಡ ಅನ್ನಲಿಲ್ಲ, ಯಾರೂ ಹೇಳಲೂ ಇಲ್ಲ. ಅಳಿಯ ಮನೆಯಲ್ಲಿ ಈ ವಿಷಯ ಬಾಯಿಬಿಟ್ಟಿರಲಿಲ್ಲ. ಗೊತ್ತಿಲ್ಲದಿದ್ದರೆ ಅವರಿಗೆ ಅಪಾಯವಿಲ್ಲ ಅಂತ ಅವನ ಲೆಕ್ಕ.

ಆ ವಾರ ಆ ಕಡೆಯ ಪೊಲೀಸರು ದೊಡ್ಡ ಮಾಲೊಂದನ್ನು ಹಿಡಿದಿದ್ದರು. ರಾಶಿ ಹಾಕಿ ಫೋಟೋ ತೆಗೆಸಿಕೊಂಡರು, ದೊಡ್ಡ ಗೆಲುವು ಅಂದರು. ಯಾರೋ ಒಳಗಿನವರೇ ಹಿಡಿದುಕೊಟ್ಟಿರಬೇಕು ಅಂತ ಮಾಲಿನವರು ಎಲ್ಲರ ಮೇಲೂ ಕಣ್ಣಿಟ್ಟಿದ್ದರು. ಅಂಥ ವಾರದಲ್ಲಿ ಅಳಿಯನ ಲಾರಿ ಗೋದಾಮಿನಿಂದ ಬಂತು. ಸೇತುವೆ ದಾಟುವ ಸರದಿ ಮಧ್ಯಾಹ್ನದ ಮೇಲೆ ಇತ್ತು. ಅಂಗಡಿ ಮುಂದೆ ಲಾರಿ ನಿಲ್ಲಿಸಿ, ಮಗುವನ್ನು ಎತ್ತಿ ಮುದ್ದಾಡಿ, ಒಳಗೆ ಹೋಗಿ ಮಲಗಿದ. ಮಗಳು ಕೆಲಸಕ್ಕೆ ಹೋಗಿದ್ದಳು. ಸೀಟಪ್ಪ ಬೆಳಗಿನ ಟೀ ಕುಡಿದು ಅಭ್ಯಾಸದಂತೆ ಲಾರಿ ಹತ್ತಿದ.

ಹಾಸಿನ ಅಂಚು ನೋಡಿದವನಿಗೆ ಅವಮಾನವಾಯಿತು. ಒಂದು ಕಡೆ ಜೋಲು, ಒಂದು ಕಡೆ ಹೊಲಿಗೆ ಮೇಲೆ ಹೊಲಿಗೆ, ಗಂಟು ಹೊರಗೆ. ಸೀಟಪ್ಪನ ಅಳಿಯ ಇಂಥದ್ದರ ಮೇಲೆ ಮಲಗಿ ಎದ್ದು ಊರೂರು ತಿರುಗುವುದೇ? ಲಾರಿ ಮಾಲೀಕ ಎಲ್ಲೋ ದುಡ್ಡುಳಿಸಲು ಯಾರಿಂದಲೋ ಹೊಲಿಸಿದ್ದಾನೆ, ಹುಡುಗ ಸಂಕೋಚಕ್ಕೆ ಹೇಳಿಲ್ಲ ಅಂದುಕೊಂಡ. ಕೈಗೆ ಗಟ್ಟಿ ಗಟ್ಟಿ ಹತ್ತಿತು. ಸ್ಪಂಜಿನ ಬದಲು ನಾರು ತುಂಬಿದ್ದಾರೆ, ಇವರ ಮನೆ ಹಾಳಾಗ ಅಂತ ಬೈದ. ಅಳಿಯ ಏಳುವುದರೊಳಗೆ ಸರಿಮಾಡಿ ಇಡಬೇಕು ಅಂತ ಹುಮ್ಮಸ್ಸು ಬಂತು. ಒಂದು ಗೇಣು ಬಿಚ್ಚಿದ, ಒಂದು ಗೇಣು ಹೊಲಿದ. ತನ್ನ ಪದ್ಧತಿಯಂತೆ ಒಳಗೆ ನೋಡಲೇ ಇಲ್ಲ. ಮುಗಿದಾಗ ಅಂಚು ಗೆರೆ ಎಳೆದ ಹಾಗಿತ್ತು. ಕೆಳಗಿಳಿದು, ಬೀಡಿ ಹಚ್ಚಿ, ಅಳಿಯ ಬಂದು ಏನನ್ನುತ್ತಾನೋ ಅಂತ ಕಾಯುತ್ತಾ ಕೂತ.

ಅಳಿಯ ಎದ್ದು ಬಂದ, ಲಾರಿ ಹತ್ತಿದ. ಆಮೇಲೆ ಬಾಗಿಲಲ್ಲಿ ಕಾಣಿಸಿಕೊಂಡ, ಮುಖದಲ್ಲಿ ರಕ್ತವಿರಲಿಲ್ಲ.

"ಮಾವ, ಇದನ್ನ ಯಾರು ಹೊಲಿದಿದ್ದು?"

"ಇಷ್ಟು ಚೆನ್ನಾಗಿ ಇನ್ಯಾರಪ್ಪ ಹೊಲೀತಾರೆ?" ಅಂದ ಸೀಟಪ್ಪ, ಮುಖ ಊರಗಲ ಮಾಡಿಕೊಂಡು.

ಅಳಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಒಂದೊಂದೇ ಮಾತು ಹೊರಗೆ ಬಂತು: ಮಾಲು, ನೀಲಿ ದಾರ, ಆ ಕಡೆಯವರು ಹೊಲಿಗೆ ನೋಡುವುದು. ಸೀಟಪ್ಪನ ಬೀಡಿ ಬೆರಳು ಸುಡುವವರೆಗೂ ಉರಿಯಿತು, ಅವನಿಗೆ ತಿಳಿಯಲಿಲ್ಲ. ಪೊಲೀಸರ ಹತ್ತಿರ ಹೋಗೋಣ ಅಂದ. ಚೆಕ್‌ಪೋಸ್ಟಿನಲ್ಲಿ ಪೊಲೀಸರ ಪಕ್ಕದಲ್ಲೇ ಅವರ ಮನುಷ್ಯ ಟೀ ಕುಡಿಯುತ್ತಾ ಕೂತಿರುತ್ತಾನೆ ಅಂದ ಅಳಿಯ. ಹೋಗಬೇಡ, ಎಲ್ಲಾದರೂ ಓಡಿಹೋಗೋಣ ಅಂದ ಸೀಟಪ್ಪ. ಅವರಿಗೆ ಈ ಮನೆ ಗೊತ್ತು, ಮಗು ಆಡುವ ಜಾಗ ಗೊತ್ತು ಅಂದ ಅಳಿಯ. ಉಳಿದ ದಾರಿ ಒಂದೇ. ಹೊಲಿಗೆ ಮೊದಲು ಹೇಗಿತ್ತೋ ಹಾಗೇ ಆಗಬೇಕು.

ನೀಲಿ ದಾರಕ್ಕೇನು, ಪಕ್ಕದ ಅಂಗಡಿಯಲ್ಲೇ ಸಿಕ್ಕಿತು. ಸೀಟಪ್ಪ ತನ್ನ ಹೊಲಿಗೆ ಕಿತ್ತು ಹಾಕಿದ. ಹಳೆಯದರಲ್ಲಿ ಎಲ್ಲಿ ಜೋಲು, ಎಲ್ಲಿ ಒತ್ತು ಅಂತ ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಒಂದೊಂದು ತಪ್ಪನ್ನೂ ಬೈದುಕೊಂಡೇ ಬಿಚ್ಚಿದ್ದನಲ್ಲ. ಸೂಜಿ ಹಿಡಿದ. ಕೈ ಮಾತು ಕೇಳಲಿಲ್ಲ. ಸೊಟ್ಟ ಹಾಕಬೇಕು ಅಂದುಕೊಂಡರೆ ನೆಟ್ಟಗೆ ಬೀಳುತ್ತಿತ್ತು. ಕಣ್ಣು ಮುಚ್ಚಿ ಹೊಲಿದ, ಅದೂ ನೆಟ್ಟಗೆ. ಎಡಗೈಯಲ್ಲಿ ಹೊಲಿದ, ಮೊದಲು ಒಂದಿಷ್ಟು ಚೆನ್ನಾಗಿ ಕೆಟ್ಟವು, ಆಮೇಲೆ ಎಡಗೈಗೂ ಬುದ್ಧಿ ಬಂತು. ಮತ್ತೆ ಕಿತ್ತ. ಅಳಿಯ ತಾನೇ ಹೊಲಿಯುತ್ತೇನೆ ಅಂತ ಕಸಿದುಕೊಂಡ, ಮೊದಲ ಹೊಲಿಗೆಗೇ ಸೂಜಿ ಅವನ ಬೆರಳಿಗೆ ಹೋಯಿತು. ಜೀವಮಾನವೆಲ್ಲ ಕೆಟ್ಟ ಹೊಲಿಗೆಯನ್ನು ಬೈದ ಮನುಷ್ಯ ಈಗ ಒಂದು ಕೆಟ್ಟ ಹೊಲಿಗೆ ಹಾಕಲಾರದೆ ಲಾರಿಯೊಳಗೆ ಕೂತು ಅತ್ತ.

ಆಗ ಮಗಳು ಊಟಕ್ಕೆ ಮನೆಗೆ ಬಂದಳು. ಲಾರಿಯ ಬಾಗಿಲು ತೆಗೆದು ನೋಡಿದಳು, ಅಪ್ಪ ಅಳುತ್ತಿದ್ದ, ಗಂಡನ ಬೆರಳಲ್ಲಿ ರಕ್ತ. ಅವಳಿಂದ ಮುಚ್ಚಿಡುವುದು ಆಗಲಿಲ್ಲ. ಹೇಳಿದ ಮೇಲೆ ಅವಳು ಕೂಗಾಡಲಿಲ್ಲ. ಮುಂಚೆನೂ ತಗೊಂಡು ಹೋಗಿದ್ರಾ ಅಂತ ಗಂಡನನ್ನು ಕೇಳಿದಳು, ಅವನು ಹೌದು ಅಂತ ತಲೆಯಾಡಿಸಿದ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿ ಹತ್ತಿ, ಅಪ್ಪನ ಮುಂದೆ ಕೈ ಚಾಚಿದಳು.

"ಕೊಡಪ್ಪ ಸೂಜಿ. ನನಗೆ ಹೊಲಿಯಕ್ಕೆ ಬರಲ್ಲ ತಾನೆ."

ಮಗಳಿಗೆ ಅವನು ಕಲಿಸಿದ ಮೊದಲ ಹೊಲಿಗೆ ಅದು, ಅದೂ ತಪ್ಪು ಹೊಲಿಗೆ. ಇಲ್ಲಿ ಜೋಲು ಬಿಡು ಮಗಳೇ, ಇಲ್ಲಿ ಎರಡು ಸಲ ಹಾಕು, ಗಂಟು ಒಳಗೆ ಬೇಡ, ಹೊರಗೇ ಇರಲಿ ಅಂತ ಹೇಳುತ್ತಾ ಹೋದ. ಅವಳು ನಾಲಿಗೆ ಕಚ್ಚಿಕೊಂಡು ಹೊಲಿದಳು. ಸೂಜಿ ನೂಕಿ ನೂಕಿ ಬೆರಳು ಕೆಂಪಾಯಿತು. ನಿನ್ನ ಹೊಲಿಗೆ ನೋಡಿದರೆ ಅವರು ನಿನಗೇ ಕೆಲಸ ಕೊಡ್ತಾರೆ ಅಂತ ಗಂಡ ಅಂದ. ಅವಳಿಗೂ ನಗು ಬಂತು. ನಿಜವಾಗಿಯೂ ಹೊಲಿಗೆ ಬೆಳಿಗ್ಗೆ ಇದ್ದ ಹಾಗೇ ಕಂಡಿತು, ಅಷ್ಟೇ ಅಸಹ್ಯವಾಗಿ. ಸೀಟಪ್ಪ ಅದನ್ನು ನೋಡಿ ನಿಟ್ಟುಸಿರು ಬಿಟ್ಟ.

ಅವಳು ಗಂಡನಿಗೂ ಮಗುವಿಗೂ ಊಟ ಬಡಿಸಲು ಒಳಗೆ ಹೋದಳು. ಸೀಟಪ್ಪ ಲಾರಿಯಲ್ಲೇ ಉಳಿದ. ಹಾಸಿನ ಹೊದಿಕೆ ರೆಕ್ಸಿನ್ನಿನದು, ಅದು ಬಟ್ಟೆಯಂಥದ್ದಲ್ಲ, ಒಮ್ಮೆ ಸೂಜಿ ಹೋದ ತೂತು ಮುಚ್ಚುವುದಿಲ್ಲ. ತಾನು ಹಾಕಿ ಕಿತ್ತ ಸಾಲಿನ ತೂತುಗಳಿಗೆ ಬೆರಳಲ್ಲಿ ಪಾಲಿಶ್ ತಿಕ್ಕಿದ, ಅದರ ಮೇಲೆ ಧೂಳು ತಿಕ್ಕಿದ. ಅವಳ ಹೊಲಿಗೆಯ ಒಂದೆಳೆಯನ್ನೂ ಮುಟ್ಟಲಿಲ್ಲ. ಅಳಿಯ ಊಟ ಮಾಡಿ ಬಂದು, ಹೋಗಿಬರ್ತೀನಿ ಮಾವ ಅಂತ ಹೇಳಿ ಲಾರಿ ತೆಗೆದ.

ಅವನು ತಿರುಗಿ ಬರಲಿಲ್ಲ. ಆ ಕಡೆ ಲಾರಿಗಳು ಸರಕು ಇಳಿಸುವ ಅಂಗಳದಲ್ಲಿ ಅವನನ್ನೂ ಇನ್ನಿಬ್ಬರು ಡ್ರೈವರುಗಳನ್ನೂ ಗುಂಡು ಹೊಡೆದು ಹಾಕಿದ್ದರು. ಸಾಲಿನಲ್ಲಿ ಹಿಂದೆ ಇದ್ದ ಒಬ್ಬ ಡ್ರೈವರ್ ತಪ್ಪಿಸಿಕೊಂಡು ಬಂದು ಹೇಳಿದ: ಅವನ ಲಾರಿ ಹತ್ತಿದರು, ಹೊಲಿಗೆ ಮೇಲೆ ಕೈಯಾಡಿಸಿದರು, ಕೆಳಗಿಳಿ ಅಂದರು. ಅಷ್ಟೇ ಅವನು ಕಂಡದ್ದು. ಇನ್ನಿಬ್ಬರ ಲಾರಿಯ ಹೊಲಿಗೆಯನ್ನು ಯಾರೂ ಬಿಚ್ಚಿಯೂ ಇರಲಿಲ್ಲ, ಅವರೂ ಸತ್ತರು. ಸಂಶಯ ಹಿಡಿದವರಿಗೆ ಕಾರಣ ಬೇಕೇ?

ಹೆಣ ಬರುವುದಕ್ಕೂ ಸೇತುವೆ ಅಡ್ಡ ಬಂತು. ಸತ್ತವನು ನಿಮ್ಮವನು, ಮಾಲು ನಿಮ್ಮ ಕಡೆಯದು, ತಗೊಂಡು ಹೋಗಿ ಅಂದರು ಆ ಕಡೆಯ ಅಧಿಕಾರಿಗಳು. ಸತ್ತ ಜಾಗ ನಿಮ್ಮದು, ಕೊಂದವರು ನಿಮ್ಮಲ್ಲಿದ್ದಾರೆ, ಕೇಸು ನೀವೇ ಹಾಕಿ ಅಂದರು ಈ ಕಡೆಯವರು. ಹೊಣೆ ಯಾರದು ಅಂತ ತೀರ್ಮಾನವಾಗುವವರೆಗೆ ಅವನು ಒಂದು ಶೈತ್ಯಾಗಾರದಲ್ಲಿ ಮಲಗಿದ್ದ, ಅವನ ಹೆಂಡತಿ ಸೇತುವೆಯ ಈ ತುದಿಯಲ್ಲಿ ಮಗುವನ್ನು ಕಟ್ಟಿಕೊಂಡು ನಿಂತಿದ್ದಳು. ಕೊನೆಗೆ ಯಾರ ಹೊಣೆಯೂ ಅಲ್ಲ ಅಂತ ಬರೆದುಕೊಂಡು ಹೆಣ ಕೊಟ್ಟರು. ಮಂತ್ರಿಗಳಿಬ್ಬರೂ ಸಂತಾಪ ಹೇಳಿದರು, ಕಾನೂನು ಇನ್ನೂ ಬಿಗಿ ಮಾಡುತ್ತೇವೆ ಅಂದರು. ಯಾರಿಗೆ ಬಿಗಿ ಮಾಡಿದರು ಅಂತ ಸೇತುವೆ ರಸ್ತೆಯವರಿಗೆ ಗೊತ್ತು.

ಎಲ್ಲ ಮುಗಿದು ಜನ ಅವರವರ ಮನೆಗೆ ಹೋದ ಮೇಲೆ ಮಗಳು ಅಂಗಡಿಯಲ್ಲಿ ಬಂದು ಕೂತಳು. ಒಂದು ರೆಕ್ಸಿನ್ ತುಂಡು, ಸೂಜಿ, ನೀಲಿ ದಾರ ತೆಗೆದುಕೊಂಡು ಅದೇ ಹೊಲಿಗೆ ಹಾಕತೊಡಗಿದಳು. ಹಾಕುವುದು, ನೋಡುವುದು, ಕೀಳುವುದು. ಸೀಟಪ್ಪ ಸೂಜಿ ಕಿತ್ತುಕೊಂಡರೆ ಇನ್ನೊಂದು ತೆಗೆಯುತ್ತಿದ್ದಳು. ಊಟ ಬೇಡ, ನಿದ್ದೆ ಇಲ್ಲ. ಮಗು ಬಂದು ಮಡಿಲಿಗೆ ಬಿದ್ದರೆ ಪಕ್ಕಕ್ಕೆ ಸರಿಸುತ್ತಿದ್ದಳು. ಔಷಧಿ ಅಂಗಡಿಯವರು ಬಂದು ಮಾತಾಡಿಸಿದರು, ತಿರುಗಿಯೂ ನೋಡಲಿಲ್ಲ. ಹೀಗೇ ಬಿಟ್ಟರೆ ಇವಳೂ ಕೈಬಿಟ್ಟು ಹೋಗುತ್ತಾಳೆ ಅಂತ ಸೀಟಪ್ಪನಿಗೆ ಗೊತ್ತಾಯಿತು.

"ಅಪ್ಪ, ನಾನು ಸರಿಯಾಗಿ ಕೆಡಿಸಲಿಲ್ಲ ಅಲ್ವಾ?" ಅಂತ ಒಂದು ದಿನ ಕೇಳಿದಳು. "ಎಲ್ಲೋ ಒಂದು ಕಡೆ ನೆಟ್ಟಗೆ ಬಿದ್ದುಬಿಡ್ತು."

ನಿನ್ನದು ತಪ್ಪಿಲ್ಲ ಮಗಳೇ ಅಂದ. ಇನ್ನಿಬ್ಬರೂ ಸತ್ತರಲ್ಲ ಅಂದ. ಗುಂಡು ಹೊಡೆದವರು, ಪುಡಿ ಬೇಕು ಅನ್ನುವವರು, ಕುರ್ಚಿ ಮೇಲೆ ಕೂತು ಬಿಗಿ ಮಾಡಿ ಅನ್ನುವವರು, ಇಷ್ಟು ಜನರಿದ್ದಾರೆ, ನಿನಗ್ಯಾಕೆ ಈ ಪಾಪ ಅಂದ. ತನ್ನ ಹೊಲಿಗೆ ಕಿತ್ತಾಗ ಉಳಿದ ತೂತುಗಳ ಮಾತೂ ಹೇಳಿದ, ಅವು ಕಾಣದ ಹಾಗೆ ನಾನು ಹೊಲಿಯಬೇಕಿತ್ತಲ್ಲ ಅಂದಳು. ಅವಳ ಕೈ ಮತ್ತೆ ಹೊಲಿಯುತ್ತಲೇ ಇತ್ತು. ಆ ಮಾತು ಯಾವುದೂ ಅವಳ ಬೆರಳವರೆಗೆ ಹೋಗಲಿಲ್ಲ.

ಸೀಟಪ್ಪ ಎದ್ದು ಹೋಗಿ ಬಾಗಿಲಲ್ಲಿ ನಿಂತ, ಮತ್ತೆ ಬಂದು ಅವಳ ಎದುರು ಕೂತ.

"ಆ ಲಾರಿಯಲ್ಲಿ ಹೋಗಿದ್ದು ನಿನ್ನ ಹೊಲಿಗೆ ಅಲ್ಲ," ಅಂದ. "ನೀನು ಊಟ ಬಡಿಸಕ್ಕೆ ಹೋದೆಯಲ್ಲ, ಆಗ ನಾನು ಅದನ್ನ ಕಿತ್ತು ಮತ್ತೆ ಹೊಲಿದೆ."

ಅವಳ ಕೈ ನಿಂತಿತು. ಯಾಕೆ ಅಂತ ಕೇಳಿದಳು.

"ನೋಡಕ್ಕಾಗಲಿಲ್ಲ ನನಗೆ. ಅಷ್ಟು ಕೆಟ್ಟದಾಗಿತ್ತು."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಆದರೆ ಅವನು ಸೀಟಪ್ಪ. ಮದುವೆಮನೆಯ ಕುರ್ಚಿ ಬೋರಲು ಹಾಕಿದವನು. ಅಪ್ಪನನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ರೆಕ್ಸಿನ್ ತುಂಡು ಮಡಿಲಿಂದ ಜಾರಿತು. ಅಪ್ಪನ ಅಂಗಿಯ ಎದೆ ಹಿಡಿದು ಅಲ್ಲಾಡಿಸಿದಳು, ಎರಡೂ ಕೈಯಲ್ಲಿ ಗುದ್ದಿದಳು. ನಿನ್ನ ಹೊಲಿಗೆ ಹಾಳಾಗಲಿ, ನಿನ್ನ ಕೈ ಸೇದಿಹೋಗಲಿ ಅಂತ ಶಾಪ ಹಾಕಿದಳು. ಗಂಡ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಸೀಟಪ್ಪ ಕೈ ಅಡ್ಡ ಹಿಡಿಯದೆ ಕೂತಿದ್ದ.

ಅವತ್ತೇ ಬಟ್ಟೆ ಗಂಟು ಕಟ್ಟಿದಳು. ಗಂಡನ ಅಕ್ಕನ ಮನೆ ಪಕ್ಕದ ಊರಲ್ಲಿತ್ತು, ಅಲ್ಲಿಗೆ ಹೊರಟಳು. ಅಜ್ಜ ಬರಲ್ವಾ ಅಂತ ಮಗು ಕೇಳಿತು. ಇನ್ನು ಅಜ್ಜ ಬರಲ್ಲ ಅಂದಳು. ಬಸ್ಸು ತಿರುಗುವವರೆಗೂ ಮಗು ಕೈ ಬೀಸಿತು, ತಾಯಿ ಕಿಟಕಿಯ ಕಡೆ ನೋಡಲಿಲ್ಲ.

ಕೆಲವು ದಿನ ಬಿಟ್ಟು ಗಂಡನ ಅಕ್ಕ ಉಳಿದ ಸಾಮಾನು ತಗೊಂಡು ಹೋಗಲು ಬಂದಳು. ಸಂಕೋಚದಿಂದ ಬಾಗಿಲಲ್ಲೇ ನಿಂತಳು. ಸೀಟಪ್ಪ ಅವಳಿಗೆ ಕುರ್ಚಿ ಕೊಟ್ಟು, ಮಗಳ ಟ್ರಂಕು ಕೆಳಗಿಳಿಸಿ, ಮಗುವಿನ ಆಟದ ಸಾಮಾನು ಹುಡುಕಿ ಕೊಟ್ಟ. ಆಮೇಲೆ ಮೆಲ್ಲಗೆ ಕೇಳಿದ.

"ಊಟ ಮಾಡ್ತಾಳೇನಮ್ಮಾ?"

"ಮಾಡ್ತಾಳೆ," ಅಂದಳು ಆಕೆ. ಸುಳ್ಳು ಹೇಳಲು ಬಾರದ ಹೆಂಗಸು, ಮುಂದಿನದೂ ಹೇಳಿದಳು. "ನಿಮ್ಮನ್ನ ಬೈಕೊಂಡೇ ಮಾಡ್ತಾಳೆ. ಬೆಳಗಿಂದ ಸಂಜೆತನಕ ಅದೇ. ಮಗುವಿಗೂ ತಿನ್ನಿಸ್ತಾಳೆ, ಮಲಗ್ತಾಳೆ, ಎದ್ದು ಮತ್ತೆ ಬೈತಾಳೆ."

"ಬೈಲಿ ಬಿಡಮ್ಮ," ಅಂದ ಸೀಟಪ್ಪ. "ಊಟ ಮಾಡ್ತಾಳಲ್ಲ."